ಕ್ಯಾಲಿಬ್ರೇಶನ್ ಆದ ಮೇಲೆ ಸ್ಟೀರಿಯೋ ಹಾಡಿನಲ್ಲಿ ದನಿ ನಡುವೆ ನಿಲ್ಲುತ್ತಿಲ್ಲ: ಕಾರಣ ಮತ್ತು ಸೆಟ್ಟಿಂಗ್‌ಗಳು

#1 ಎಡಬಲ

ಎಲ್ಲರಿಗೂ ನಮಸ್ಕಾರ. ಕೋಣೆ 5 ಮೀ. ಉದ್ದ, 4 ಮೀ. ಅಗಲ, 3 ಮೀ. ಎತ್ತರ. ಸ್ಪೀಕರ್‌ಗಳು 4 ಮೀಟರ್ ಗೋಡೆಯ ಕಡೆ ಇವೆ, ಆ ಗೋಡೆಯಿಂದ 50 ಸೆಂ.ಮೀ. ಮುಂದೆ. ಎಡ ಸ್ಪೀಕರ್‌ಗೂ ಪಕ್ಕದ ಗೋಡೆಗೂ 60 ಸೆಂ.ಮೀ. ಬಲಗಡೆ ಗೋಡೆಯೇ ಇಲ್ಲ, ಪಕ್ಕದ ಕೋಣೆಗೆ ತೆರೆದುಕೊಂಡಿದೆ. ಎರಡರ ನಡುವೆ 2.8 ಮೀ., ಎರಡರಿಂದಲೂ ಕಿವಿಗೆ 2.8 ಮೀ. ಒಂದು ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಇದೆ. ಸೋಫಾದ ಉದ್ದಕ್ಕೂ ಎಂಟು ಕಡೆ ಮೈಕ್ ಇಟ್ಟು ರಿಸೀವರಿನ ಆಟೋ ಕ್ಯಾಲಿಬ್ರೇಶನ್ (ಮೈಕ್‌ನಲ್ಲಿ ಅಳೆದು ಸ್ಪೀಕರ್‌ಗಳ ದನಿಯನ್ನು ಕೋಣೆಗೆ ತಕ್ಕಂತೆ ತಿದ್ದುವುದು) ಮುಗಿಸಿದೆ.

ಸಿನಿಮಾಕ್ಕೆ ಏನೂ ತಕರಾರಿಲ್ಲ. ಎರಡು ಚಾನೆಲ್ ಹಾಡು ಹಾಕಿದರೆ ಗಾಯಕಿಯ ದನಿ ಅಗಲಕ್ಕೆ ಹರಡಿ ಸ್ವಲ್ಪ ಎಡಕ್ಕೆ ವಾಲುತ್ತದೆ. ‘ಸ’, ‘ಶ’ ಅಕ್ಷರಗಳು ಒಂದು ಕಡೆಯಿಂದ, ಸ್ವರ ಇನ್ನೊಂದು ಕಡೆಯಿಂದ ಬಂದಂತೆ. ಆ ತಿದ್ದುಪಡಿ, ಅಂದರೆ ಕರೆಕ್ಷನ್, ಆಫ್ ಮಾಡಿದರೆ ದನಿ ನಡುವೆ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಬೇಸ್ ಗುಂಯ್‌ಗುಡುತ್ತದೆ. ಎರಡೂ ಬೇಕು. ಎಲ್ಲಿಂದ ಶುರು ಮಾಡಲಿ?

#2 ನಾದಬಿಂದು

ನೀವು ಕೊಟ್ಟ ಅಳತೆಗಳಲ್ಲೇ ಉತ್ತರದ ಅರ್ಧ ಇದೆ. ಎಡಗಡೆ ಗೋಡೆ ಇದೆ, ಬಲಗಡೆ ಇಲ್ಲ. ಮೈಕ್‌ಗೆ ಇದೊಂದು ಥರ ಕೇಳಿಸುತ್ತದೆ, ಕಿವಿಗೆ ಇನ್ನೊಂದು ಥರ.

ಮೊದಲು ನಡುವಿನ ದನಿ ಹೇಗೆ ಹುಟ್ಟುತ್ತದೆ ನೋಡಿ. ಎರಡೂ ಸ್ಪೀಕರ್‌ನಿಂದ ಒಂದೇ ಸಿಗ್ನಲ್, ಒಂದೇ ಮಟ್ಟದಲ್ಲಿ, ಒಂದೇ ಹೊತ್ತಿಗೆ ಬಂದರೆ ಮಿದುಳು ಅದನ್ನು ನಡುವೆ ಕೂರಿಸುತ್ತದೆ. ಫ್ಯಾಂಟಮ್ ಸೆಂಟರ್ ಎನ್ನುವುದು ಇದನ್ನೇ. ಒಂದು ಕಡೆ ಸುಮಾರು 15ರಿಂದ 18 ಡಿಬಿ (ಡೆಸಿಬೆಲ್) ಜೋರಾದರೆ, ಇಲ್ಲವೇ ಸುಮಾರು 1 ಮಿಲಿಸೆಕೆಂಡ್ ಮೊದಲು ಬಂದರೆ, ದನಿ ಪೂರ್ತಿಯಾಗಿ ಆ ಸ್ಪೀಕರ್‌ಗೇ ಅಂಟಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ನಡುವೆ ಎಲ್ಲೋ ಸರಿಯುತ್ತದೆ. ಸ್ಪೀಕರ್‌ಗಳ ನಡುವೆ 60 ಡಿಗ್ರಿ ಕೋನವಿರುವಾಗ 1 ಡಿಬಿ ವ್ಯತ್ಯಾಸಕ್ಕೆ ಟ್ಯಾಂಜೆಂಟ್ ನಿಯಮದ (ಮಟ್ಟದ ವ್ಯತ್ಯಾಸಕ್ಕೆ ದನಿ ಎಷ್ಟು ಸರಿಯುತ್ತದೆ ಎನ್ನುವ ಸೂತ್ರ) ಲೆಕ್ಕ ಸುಮಾರು 2 ಡಿಗ್ರಿ. ನಿಮ್ಮ ದೂರಕ್ಕೆ ಅದು 8 ಸೆಂ.ಮೀ. ಆಯಿತು. ಮೇಲಿನ ಆವರ್ತನಗಳಲ್ಲಿ ಕಿವಿಗೆ ಇದಕ್ಕಿಂತ ಹೆಚ್ಚೇ ಸರಿದಂತೆ ಕೇಳುತ್ತದೆ.

ಈಗ ನಿಮ್ಮ ಎಡ ಗೋಡೆಗೆ ಬರೋಣ. ಎಡ ಸ್ಪೀಕರ್‌ನಿಂದ ನೇರ ದಾರಿ 2.8 ಮೀ. ಗೋಡೆಗೆ ಬಡಿದು ಬರುವ ದಾರಿ ಸುಮಾರು 3.55 ಮೀ. ವ್ಯತ್ಯಾಸ 75 ಸೆಂ.ಮೀ., ಅಂದರೆ 2.2 ಮಿಲಿಸೆಕೆಂಡ್. ಈ ಎರಡೂ ಮೈಕ್‌ನಲ್ಲಿ ಬೆರೆತಾಗ 229, 686, 1143 ಹರ್ಟ್ಸ್, ಹೀಗೆ ಸಾಲಾಗಿ ತಗ್ಗುಗಳು ಬೀಳುತ್ತವೆ. ಬಲಗಡೆ ಈ ತಗ್ಗುಗಳಿಲ್ಲ. ರಿಸೀವರ್ ಎಡ ಚಾನೆಲ್‌ನಲ್ಲಿ 686ರ ಬಳಿ ತಗ್ಗು ಕಂಡು ಅಲ್ಲಿ 2 ಡಿಬಿ ಏರಿಸಿತು ಅಂತಿಟ್ಟುಕೊಳ್ಳಿ. ಏರಿದ್ದು ಸ್ಪೀಕರ್‌ನಿಂದ ಹೊರಡುವ ದನಿಯೇ, ಹಾಗಾಗಿ ನೇರ ದನಿಯೂ 2 ಡಿಬಿ ಏರಿತು. ಕಿವಿಯಾದರೋ ದಿಕ್ಕನ್ನು ಮೊದಲು ಬಂದ ನೇರ ದನಿಯಿಂದಲೇ ತೀರ್ಮಾನಿಸುತ್ತದೆ. 2 ಮಿಲಿಸೆಕೆಂಡ್ ತಡವಾಗಿ ಬಂದ ಪ್ರತಿಫಲನವನ್ನು ಅದೇ ಮೂಲಕ್ಕೆ ಸೇರಿಸಿ ಬಿಡುತ್ತದೆ. ಫಲ: ಆ ಪಟ್ಟಿಯಲ್ಲಿ ದನಿ ಎಡಕ್ಕೆ ಸರಿಯಿತು. ಇನ್ನೊಂದು ಪಟ್ಟಿಯಲ್ಲಿ ಎಡವನ್ನು ಇಳಿಸಿದ್ದರೆ ಅಲ್ಲಿ ಬಲಕ್ಕೆ ಸರಿಯುತ್ತದೆ. ಒಂದೇ ಕಂಠದ ಬೇರೆ ಬೇರೆ ಆವರ್ತನಗಳು ಬೇರೆ ಬೇರೆ ಜಾಗದಲ್ಲಿ ಕೂತಾಗ ನೀವು ಹೇಳಿದ ಹಾಗೆ ‘ಸ’ ಒಂದು ಕಡೆ, ಸ್ವರ ಒಂದು ಕಡೆ.

ಕೆಳಗಿನ ಆವರ್ತನಗಳಲ್ಲಿ ಕಥೆ ಬೇರೆ. ಅಲ್ಲಿ ನೇರ ದನಿ, ಪ್ರತಿಫಲನ ಎಂದು ಕಿವಿ ಬಿಡಿಸಿ ಕೇಳುವುದಿಲ್ಲ, ಕೋಣೆಯ ಅನುರಣನವೇ ಆಳುತ್ತದೆ. ಆ ಗಡಿಗೆ ಶ್ರೋಡರ್ ಆವರ್ತನ ಅನ್ನುತ್ತಾರೆ: 2000 × (ಅನುರಣನ ಕಾಲ ÷ ಕೋಣೆಯ ಗಾತ್ರ)ದ ವರ್ಗಮೂಲ. ಅನುರಣನ ಕಾಲ ಅಂದರೆ ದನಿ ಕೋಣೆಯಲ್ಲಿ ಆರಿಹೋಗಲು ಹಿಡಿಯುವ ಸಮಯ. ನಿಮ್ಮ 60 ಘನ ಮೀಟರ್ ಕೋಣೆಗೆ ಅನುರಣನ 0.4 ಸೆಕೆಂಡ್ ಹಿಡಿದರೆ ಸುಮಾರು 163 ಹರ್ಟ್ಸ್. ಗೆರೆ ಎಳೆದ ಹಾಗೆ ಅಲ್ಲೇ ಮುಗಿಯುವುದಿಲ್ಲ, 300ರವರೆಗೂ ಮಿಶ್ರ ಪ್ರದೇಶ. ಅಲ್ಲಿಯವರೆಗೆ ಕರೆಕ್ಷನ್ ಮಾಡಿಸಿ, ಅದು ಲಾಭವೇ. 500 ದಾಟಿದ ಮೇಲೆ ಎಡಕ್ಕೊಂದು, ಬಲಕ್ಕೊಂದು ಫಿಲ್ಟರ್ (ಬೇಕಾದ ಆವರ್ತನವನ್ನು ಏರಿಸುವ, ಇಳಿಸುವ ತಿದ್ದುಪಡಿ) ಹಾಕಲು ಬಿಡಬೇಡಿ.

#3 ಸೋಫಾಮಧ್ಯ

ಸೆಟ್ಟಿಂಗ್ ಮುಟ್ಟುವ ಮೊದಲು ಮತ್ತೊಮ್ಮೆ ಅಳತೆ ಮಾಡಿ. ಸೋಫಾ ಉದ್ದಕ್ಕೂ ಮೈಕ್ ಹಂಚಿದ್ದು ಸಿನಿಮಾಕ್ಕೆ ಸರಿ, ಒಬ್ಬರು ಕೂತು ಹಾಡು ಕೇಳುವುದಕ್ಕಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲ ಜಾಗ. ಆಡಿಸ್ಸಿಯಂಥ ಕ್ಯಾಲಿಬ್ರೇಶನ್ ವ್ಯವಸ್ಥೆಗಳು ದೂರ ಮತ್ತು ಮಟ್ಟವನ್ನು ಮೊದಲ ಅಳತೆಯಿಂದಲೇ ತೆಗೆದುಕೊಳ್ಳುತ್ತವೆ. 60 ಡಿಗ್ರಿ ತ್ರಿಕೋನದಲ್ಲಿ ಮೈಕ್ ಎಷ್ಟು ಪಕ್ಕಕ್ಕೆ ಸರಿಯುತ್ತದೋ ಹೆಚ್ಚುಕಡಿಮೆ ಅಷ್ಟೇ ದಾರಿ ವ್ಯತ್ಯಾಸ ಬರುತ್ತದೆ. 5 ಸೆಂ.ಮೀ. ಸರಿದರೆ 5 ಸೆಂ.ಮೀ., ಅಂದರೆ 0.15 ಮಿಲಿಸೆಕೆಂಡ್. ರಿಸೀವರ್ ಆ ಸರಿದ ಜಾಗಕ್ಕೆ ಸರಿಯಾಗಿ ವಿಳಂಬ ಹಾಕುತ್ತದೆ. ನೀವು ಮಾತ್ರ ನಿಜವಾದ ನಡುವೆ ಕೂತಿರುತ್ತೀರಿ, ದನಿ ಪಕ್ಕಕ್ಕೆ ಹೋಗಿರುತ್ತದೆ.

ಹೀಗೆ ಮಾಡಿ. ಮೈಕ್‌ಗೆ ಕ್ಯಾಮೆರಾ ಟ್ರೈಪಾಡ್ ಅಥವಾ ಬೂಮ್ ಸ್ಟ್ಯಾಂಡ್ ಬಳಸಿ, ಸೋಫಾ ಮೇಲೆ ದಿಂಬು ಪೇರಿಸಿ ಇಡಬೇಡಿ. ತುದಿ ಕಿವಿಯ ಎತ್ತರಕ್ಕೆ ಇರಲಿ. ರಿಸೀವರ್ ಜೊತೆ ಬಂದ ಮೈಕ್ ಆದರೆ ತುದಿ ಚಾವಣಿ ನೋಡಬೇಕು. ಎಡ ಟ್ವೀಟರ್‌ನಿಂದ (ಸ್ಪೀಕರ್‌ನಲ್ಲಿ ಮೇಲಿನ ಆವರ್ತನ ನುಡಿಸುವ ಚಿಕ್ಕ ಭಾಗ) ಮೈಕ್ ತುದಿಗೆ, ಬಲ ಟ್ವೀಟರ್‌ನಿಂದ ಮೈಕ್ ತುದಿಗೆ ಟೇಪ್ ಹಿಡಿದು ಅಳೆಯಿರಿ. ಇಬ್ಬರಿದ್ದರೆ ಸುಲಭ, ಟೇಪ್ ಜೋತುಬೀಳುವುದಿಲ್ಲ. ಎರಡಕ್ಕೂ 1 ಸೆಂ.ಮೀ.ಗಿಂತ ಹೆಚ್ಚು ಅಂತರ ಬರಬಾರದು. ಮಿಕ್ಕ ಜಾಗಗಳನ್ನು ಆ ನಡುವಿನ ಸುತ್ತ 30 ಸೆಂ.ಮೀ. ಒಳಗೇ ಇಡಿ. ಎಡಕ್ಕೆ ಒಂದು ಇಟ್ಟರೆ ಬಲಕ್ಕೂ ಅಷ್ಟೇ ದೂರಕ್ಕೆ ಒಂದು. ಒಂದೆರಡನ್ನು 5ರಿಂದ 10 ಸೆಂ.ಮೀ. ಮೇಲೆ ಕೆಳಗೆ ಮಾಡಿ.

ಸೋಫಾದ ಬೆನ್ನು ಎತ್ತರವಿದ್ದರೆ ಜೋಪಾನ. ಬೆನ್ನು ಮೈಕ್‌ನಿಂದ 15 ಸೆಂ.ಮೀ. ಹಿಂದಿದ್ದರೆ ಹೋಗಿ ಬರುವ ದಾರಿ 30 ಸೆಂ.ಮೀ., ಸುಮಾರು 570 ಹರ್ಟ್ಸ್‌ನಿಂದ ಶುರುವಾಗಿ ತಗ್ಗುಗಳ ಸಾಲು. ಚರ್ಮದ ಸೋಫಾ ಆದರೆ ಇನ್ನೂ ಜೋರು. ದಪ್ಪ ಕಂಬಳಿ ಹೊದಿಸಿ, ಮೈಕನ್ನು ಒಂದಿಷ್ಟು ಮುಂದಕ್ಕೆ ತನ್ನಿ. ಅಳತೆ ನಡೆಯುವಾಗ ನೀವು ಸ್ಪೀಕರ್ ಮತ್ತು ಮೈಕ್ ನಡುವೆ ನಿಲ್ಲಬೇಡಿ. ಫ್ಯಾನ್, ಎಸಿ ಬಂದ್ ಇರಲಿ.

#4 ಪಿಂಕ್‌ನಾಯ್ಸ್

ಯಾವ ವ್ಯವಸ್ಥೆ ಅಂತ ನೀವು ಬರೆದಿಲ್ಲ, ಹಾಗಾಗಿ ಒಂದೊಂದಕ್ಕೂ ಹೇಳುತ್ತೇನೆ.

ಆಡಿಸ್ಸಿ (ಡೆನಾನ್, ಮರಾಂಟ್ಜ್): ಮೆನುವಿನಲ್ಲಿ ‘ರೆಫರೆನ್ಸ್’, ‘ಫ್ಲಾಟ್’ ಜೊತೆಗೆ ‘ಎಲ್/ಆರ್ ಬೈಪಾಸ್’ ಇದೆ. ಅದು ಮುಂದಿನ ಎಡ-ಬಲ ಸ್ಪೀಕರ್ ಬಿಟ್ಟು ಮಿಕ್ಕವಕ್ಕೆ ಮಾತ್ರ ಫಿಲ್ಟರ್ ಹಾಕುತ್ತದೆ. ಇಮೇಜಿಂಗ್ (ದನಿ ತನ್ನ ಜಾಗದಲ್ಲಿ ಕೂರುವುದು) ಕೂಡಲೇ ಸರಿಹೋಗುತ್ತದೆ, ಆದರೆ ಎಡ-ಬಲ ಸ್ಪೀಕರ್‌ಗಳ ಬೇಸ್ ತಿದ್ದುಪಡಿಯೂ ಹೋಗುತ್ತದೆ. ಕ್ರಾಸ್‌ಓವರ್ (ಸಬ್ ಮತ್ತು ಸ್ಪೀಕರ್ ಕೆಲಸ ಹಂಚಿಕೊಳ್ಳುವ ಆವರ್ತನ) 80 ಹರ್ಟ್ಸ್ ಇದ್ದರೆ ಅದರ ಕೆಳಗಿನದನ್ನು ಸಬ್‌ನ ಫಿಲ್ಟರ್ ನೋಡಿಕೊಳ್ಳುತ್ತದೆ, 80ರಿಂದ 300ರ ಪಟ್ಟಿ ಮಾತ್ರ ಹಾಗೇ ಉಳಿಯುತ್ತದೆ. ಇದಕ್ಕಿಂತ ಮಲ್ಟ್‌ಈಕ್ಯೂ ಎಡಿಟರ್ ಆ್ಯಪ್ ಮೇಲು. ಮುಂದಿನ ಜೋಡಿಗೆ ಫ್ರೀಕ್ವೆನ್ಸಿ ರೇಂಜ್ ಅನ್ನು 300ರಿಂದ 500ರ ನಡುವೆ ಎಲ್ಲಾದರೂ ನಿಲ್ಲಿಸಿ. 2 ಕಿಲೋಹರ್ಟ್ಸ್ ಬಳಿ ತಗ್ಗು ತರುವ ‘ಮಿಡ್‌ರೇಂಜ್ ಕಾಂಪೆನ್ಸೇಶನ್’ ಆಫ್ ಮಾಡಿ. ಒಂದು ವಿಷಯ: ರಿಸೀವರಿನಲ್ಲೇ ಮಾಡಿದ ಹಳೆಯ ಅಳತೆಯನ್ನು ಆ್ಯಪ್ ತೆರೆಯುವುದಿಲ್ಲ, ಆ್ಯಪ್ ಮೂಲಕವೇ ಹೊಸದಾಗಿ ಅಳೆಯಬೇಕು.

ಡಿರಾಕ್ ಲೈವ್: ಗ್ರಾಫ್‌ನ ಎರಡು ತುದಿಯಲ್ಲಿರುವ ಪರದೆಗಳನ್ನು ಎಳೆದು ಮೇಲಿನ ಗಡಿ ಇಡಬಹುದು. ಪರದೆ ನಿಲ್ಲಿಸಿದ ಜಾಗದಲ್ಲಿ ಟಾರ್ಗೆಟ್ ಗೆರೆ (ತಿದ್ದುಪಡಿಯ ಗುರಿ) ಸ್ಪೀಕರ್‌ನ ಸಹಜ ಮಟ್ಟಕ್ಕೆ ಬಂದು ಕೂಡಬೇಕು. ಇಲ್ಲದಿದ್ದರೆ ಅಲ್ಲೊಂದು ಮೆಟ್ಟಿಲು ಬಿದ್ದು ದನಿಯ ಮೈ ತೆಳ್ಳಗಾಗುತ್ತದೆ ಅಥವಾ ಊದುತ್ತದೆ. ಕೆಲವು ರಿಸೀವರ್‌ಗಳಲ್ಲಿ 500 ಹರ್ಟ್ಸ್‌ವರೆಗೆ ಮಾತ್ರ ತಿದ್ದುವ ಸೀಮಿತ ಪರವಾನಗಿ ಬರುತ್ತದೆ. ಈ ಕೆಲಸಕ್ಕೆ ಅಷ್ಟು ಧಾರಾಳ ಸಾಕು.

ಆಂಥಮ್ ಎಆರ್‌ಸಿ ಜೆನೆಸಿಸ್: ಗರಿಷ್ಠ ತಿದ್ದುಪಡಿ ಆವರ್ತನ ಮೊದಲಿಗೆ 5 ಕಿಲೋಹರ್ಟ್ಸ್ ಇರುತ್ತದೆ, ಅದನ್ನು ಇಳಿಸಿ.

ಯಮಾಹಾ ವೈಪಿಎಒ: ‘ಫ್ರಂಟ್’ ಆಯ್ದರೆ ಮಿಕ್ಕ ಸ್ಪೀಕರ್‌ಗಳನ್ನು ಮುಂದಿನ ಜೋಡಿಯ ಗುಣಕ್ಕೆ ಹೊಂದಿಸುತ್ತದೆ. ಸಂಗೀತಕ್ಕೆ ‘ಫ್ಲಾಟ್’ಗಿಂತ ಇದು ವಾಸಿ.

ಆಡಿಸ್ಸಿಯಲ್ಲಿ ಹಾಡಿಗೆ ಡೈನಾಮಿಕ್ ವಾಲ್ಯೂಮ್ (ಜೋರು, ಮೆತ್ತಗಿನ ಅಂತರ ಕುಗ್ಗಿಸುವುದು) ಆಫ್. ಡೈನಾಮಿಕ್ ಈಕ್ಯೂ (ವಾಲ್ಯೂಮ್ ಕಡಿಮೆಯಿದ್ದಾಗ ಬೇಸ್ ಏರಿಸುವುದು) ಬೇಕೇ ಬೇಕು ಅಂದರೆ ರೆಫರೆನ್ಸ್ ಆಫ್‌ಸೆಟ್ 10 ಅಥವಾ 15 ಡಿಬಿ ಇಡಿ, 0 ಬೇಡ. ಹಾಗೆಯೇ ಸೌಂಡ್ ಮೋಡ್ ನಿಜವಾಗಿ ‘ಸ್ಟೀರಿಯೋ’ದಲ್ಲಿದೆಯೇ ನೋಡಿ. ಡಾಲ್ಬಿ ಸರೌಂಡ್ ಅಪ್‌ಮಿಕ್ಸ್ (ಎರಡು ಚಾನೆಲ್ ಹಾಡನ್ನು ಎಲ್ಲ ಸ್ಪೀಕರ್‌ಗೂ ಹಂಚುವುದು) ಆನ್ ಉಳಿದಿದ್ದರೆ ನಡುವಿನ ದನಿಯನ್ನು ಅದು ಸೆಂಟರ್ ಸ್ಪೀಕರ್‌ಗೆ ಕಳಿಸುತ್ತದೆ. ಆಗ ನೀವು ಕೇಳುತ್ತಿರುವುದು ಫ್ಯಾಂಟಮ್ ಸೆಂಟರ್ ಅಲ್ಲವೇ ಅಲ್ಲ.

#5 ಸಮತಲ

500ರ ಮೇಲೆ ಮುಟ್ಟಲೇಬಾರದು ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸ್ಪೀಕರ್‌ನಲ್ಲೇ 3 ಕಿಲೋಹರ್ಟ್ಸ್ ಬಳಿ 3 ಡಿಬಿ ಉಬ್ಬು ಇದ್ದರೆ ಅದು ಎಲ್ಲ ಕೋಣೆಯಲ್ಲೂ ಕೇಳುತ್ತದೆ. ಅದನ್ನು ತಗ್ಗಿಸಿದರೆ ನಾದ ಸುಧಾರಿಸುತ್ತದೆ, ದನಿ ಮುಖಕ್ಕೆ ರಾಚುವುದು ನಿಲ್ಲುತ್ತದೆ. ಜೊತೆಗೆ, ಜೋಡಿಯ ಎರಡು ಸ್ಪೀಕರ್‌ಗಳು ಒಂದೇ ಥರ ಇರದಿದ್ದಾಗ (ಒಂದರ ಟ್ವೀಟರ್ ಬದಲಾಗಿದೆ, ಸ್ಪೀಕರ್‌ನೊಳಗಿನ ಕ್ರಾಸ್‌ಓವರ್ ಸರ್ಕ್ಯೂಟ್‌ನ ಕೆಪ್ಯಾಸಿಟರ್ ಹಳೆಯದಾಗಿದೆ) ಎಡಕ್ಕೂ ಬಲಕ್ಕೂ ಬೇರೆ ಫಿಲ್ಟರ್ ಹಾಕುವುದೇ ಇಮೇಜಿಂಗ್‌ಗೆ ಒಳ್ಳೆಯದು.

#6 ನಾದಬಿಂದು

ಸಮತಲ ಅವರ ಎರಡೂ ಮಾತು ಸರಿ. ನನ್ನ ಆಕ್ಷೇಪ ಅಳತೆಯ ಬಗೆಗೆ. ಆ ಉಬ್ಬು ಸ್ಪೀಕರ್‌ನದೋ ಕೋಣೆಯದೋ ಎಂದು ಕೇಳುವ ಜಾಗದ ಮೈಕ್ ಒಂದರಿಂದಲೇ ಹೇಳಲಾಗದು. ಪರೀಕ್ಷೆ ಸರಳ: ಎರಡು ಸ್ಪೀಕರ್‌ಗಳನ್ನು ಅದಲು ಬದಲು ಮಾಡಿ ಮತ್ತೆ ಅಳೆಯಿರಿ. ವ್ಯತ್ಯಾಸ ಸ್ಪೀಕರ್ ಜೊತೆ ಹೋದರೆ ಅದು ಸ್ಪೀಕರ್‌ನ ದೋಷ, ಫಿಲ್ಟರ್ ಹಾಕಿ. ಜಾಗದಲ್ಲೇ ಉಳಿದರೆ ಕೋಣೆಯದು, ಫಿಲ್ಟರ್ ಬೇಡ. ಎರಡರಲ್ಲೂ ಒಂದೇ ಉಬ್ಬಿದ್ದರೆ ಎರಡಕ್ಕೂ ಅಕ್ಷರಶಃ ಒಂದೇ ಫಿಲ್ಟರ್, ಅಗಲವಾಗಿ, ಇಳಿಕೆ ಮಾತ್ರ. ಹಾಗೆ ಮಾಡಿದರೆ ನಾದ ಬದಲಾಗುತ್ತದೆ, ದನಿಯ ಜಾಗ ಕದಲುವುದಿಲ್ಲ.

2 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ನಡುವಿನ ದನಿಗೆ ಒಂದು ತಗ್ಗು ಸ್ಟೀರಿಯೋದಲ್ಲೇ ಹುಟ್ಟುತ್ತದೆ ಎನ್ನುವುದೂ ನೆನಪಿರಲಿ. ಎಡ ಸ್ಪೀಕರ್‌ನ ದನಿ ತಲೆ ಸುತ್ತಿ ಬಲ ಕಿವಿಗೂ ಸುಮಾರು ಕಾಲು ಮಿಲಿಸೆಕೆಂಡ್ ತಡವಾಗಿ ಹೋಗುವುದೇ ಕಾರಣ. ಎಡ, ಬಲ ಬಿಡಿಬಿಡಿಯಾಗಿ ಅಳೆದ ಗ್ರಾಫ್‌ನಲ್ಲಿ ಅದು ಕಾಣುವುದಿಲ್ಲ. ಅದನ್ನು ಈಕ್ಯೂ ಫಿಲ್ಟರ್‌ನಿಂದ ತುಂಬಲು ಹೋದರೆ ಪಕ್ಕದಲ್ಲಿರುವ ವಾದ್ಯಗಳು ಕರ್ಕಶವಾಗುತ್ತವೆ.

#7 ಎಡಬಲ

ಮೈಕ್ ಜಾಗ ಬದಲಿಸಿ, ಮೇಲಿನ ಗಡಿ 400 ಹರ್ಟ್ಸ್‌ಗೆ ಇಟ್ಟು ಮತ್ತೆ ಮಾಡಿದೆ. ದನಿ ನಡುವೆ ಬಂತು, ಅಗಲವೂ ಕಡಿಮೆಯಾಯಿತು. ಎರಡು ಪ್ರಶ್ನೆ. ಸಬ್ ಇರುವುದು 3.1 ಮೀಟರ್ ದೂರದಲ್ಲಿ, ರಿಸೀವರ್ 4.6 ಎಂದು ತೋರಿಸುತ್ತಿದೆ. ತಿದ್ದಲೇ? ಇನ್ನೊಂದು, ಪ್ಯೂರ್ ಡೈರೆಕ್ಟ್‌ನಲ್ಲಿ (ರಿಸೀವರ್ ದನಿಯನ್ನು ತಿದ್ದದೆ ಬಿಡುವ ಮೋಡ್) ಹಾಡು ಇನ್ನೂ ಜೀವಂತವಾಗಿ ಕೇಳುತ್ತದಲ್ಲ, ಅದಕ್ಕೇನು ಕಾರಣ?

#8 ಮಂದ್ರ

ತಿದ್ದಬೇಡಿ. ಸಬ್‌ನೊಳಗಿನ ಡಿಎಸ್‌ಪಿ (ಡಿಜಿಟಲ್ ಸಂಸ್ಕರಣೆ) ಮತ್ತು ಲೋಪಾಸ್ ಫಿಲ್ಟರ್ (ಕೆಳಗಿನ ಆವರ್ತನ ಮಾತ್ರ ಬಿಡುವಂಥದ್ದು) ದನಿಯನ್ನು ಕೆಲವು ಮಿಲಿಸೆಕೆಂಡ್ ತಡಮಾಡುತ್ತವೆ. ರಿಸೀವರ್ ಆ ತಡವನ್ನು ದೂರವಾಗಿ ಬರೆದುಕೊಳ್ಳುತ್ತದೆ. ನಿಮ್ಮ 1.5 ಮೀಟರ್ ಹೆಚ್ಚಳ ಅಂದರೆ ಸುಮಾರು 4.4 ಮಿಲಿಸೆಕೆಂಡ್, ಅಸಹಜವೇನಲ್ಲ. ಟೇಪ್ ಅಳತೆ ಹಾಕಿದರೆ 80 ಹರ್ಟ್ಸ್ ಬಳಿ (ಅಲ್ಲಿ ತರಂಗದ ಉದ್ದ 4.3 ಮೀ.) ಸಬ್ ಮತ್ತು ಸ್ಪೀಕರ್ ಮೂರನೇ ಒಂದು ಸುತ್ತಿಗಿಂತ ಹೆಚ್ಚು ಹಿಂದುಮುಂದಾಗುತ್ತವೆ, ಬೇಸ್ ಗಿಟಾರ್‌ನ ಕೆಲವು ಸ್ವರಗಳು ಮಾಯವಾಗುತ್ತವೆ. ಸಬ್‌ನ ಹಿಂದಿರುವ ಕ್ರಾಸ್‌ಓವರ್ ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿ, ಎಲ್‌ಎಫ್‌ಇ ಬೈಪಾಸ್ (ಸಬ್‌ನ ಸ್ವಂತ ಫಿಲ್ಟರ್ ಬಿಡುವ ಸ್ವಿಚ್) ಇದ್ದರೆ ಅದನ್ನು ಹಾಕಿ. ಎರಡು ಫಿಲ್ಟರ್ ಒಂದರ ಮೇಲೊಂದು ಕೂರಬಾರದು.

ಮುಂದಿನ ಸ್ಪೀಕರ್‌ಗಳನ್ನು ‘ಸ್ಮಾಲ್’ (ಬೇಸನ್ನು ಸಬ್‌ಗೆ ಬಿಡುವ ಸೆಟ್ಟಿಂಗ್) ಮಾಡಿ, ಕ್ರಾಸ್‌ಓವರ್ 80. 120ಕ್ಕೆ ಏರಿಸಿದರೆ ಸಬ್ ಇರುವ ದಿಕ್ಕು ಗೊತ್ತಾಗತೊಡಗುತ್ತದೆ, ಗಂಡು ದನಿಯ ತಳ ಆ ಮೂಲೆಗೆ ಎಳೆಯುತ್ತದೆ. ಬೇಸನ್ನು ಸಬ್, ಸ್ಪೀಕರ್ ಎರಡಕ್ಕೂ ಕಳಿಸುವ ‘ಎಲ್‌ಎಫ್‌ಇ+ಮೇನ್’ ಬೇಡ.

ಪ್ಯೂರ್ ಡೈರೆಕ್ಟ್ ಹೋಲಿಕೆ ನ್ಯಾಯವಾಗಿ ನಡೆಯುವುದು ಬಲು ಅಪರೂಪ. ಕೆಲವು ರಿಸೀವರ್‌ಗಳಲ್ಲಿ ಆ ಮೋಡ್ ಫಿಲ್ಟರ್ ಒಂದನ್ನೇ ಬಿಡುವುದಿಲ್ಲ, ಕ್ರಾಸ್‌ಓವರ್, ಸಬ್, ಚಾನೆಲ್ ಮಟ್ಟದ ಇಳಿಕೆ ಎಲ್ಲವನ್ನೂ ಬಿಡುತ್ತದೆ. 2 ಡಿಬಿ ಜೋರಾದರೂ ಸಾಕು, ಜೀವಂತ ಅನ್ನಿಸುತ್ತದೆ. 500ರಿಂದ 2000 ಹರ್ಟ್ಸ್ ಪಟ್ಟಿಯ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಒಂದೇ ಸಮನೆಯ ಸದ್ದು) ಹಾಕಿ, ಮೀಟರ್ ಹಿಡಿದು, ಎರಡು ಮೋಡ್‌ಗಳ ಮಟ್ಟ ರಿಸೀವರ್‌ನ ಅರ್ಧ ಡಿಬಿ ಹೆಜ್ಜೆ ಬಿಡುವಷ್ಟು ಹತ್ತಿರ ತಂದು ಆಮೇಲೆ ಹೋಲಿಸಿ.

#9 ಪಿಂಕ್‌ನಾಯ್ಸ್

ಕಿವಿಯಲ್ಲೇ ಮಾಡಬಹುದಾದ ಪರೀಕ್ಷೆ: ಮೋನೋ ಪಿಂಕ್ ನಾಯ್ಸ್, ಕಣ್ಣು ಮುಚ್ಚಿ. ಸದ್ದು ನಡುವೆ ಒಂದು ಮುಷ್ಟಿಯಷ್ಟು ಜಾಗದಲ್ಲಿ ಕೂರಬೇಕು. ಆಮೇಲೆ ಒಂದು ಚಾನೆಲ್‌ನ ಪೊಲಾರಿಟಿ (ಪ್ಲಸ್-ಮೈನಸ್) ತಿರುಗಿಸಿದ ಟ್ರ್ಯಾಕ್ ಹಾಕಿ. ಸದ್ದು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಆಗದಂತಿರಬೇಕು. ಮೊದಲನೆಯದೇ ಹಾಗೆ ಕೇಳಿದರೆ ಒಂದು ಸ್ಪೀಕರ್‌ನ ವೈರ್ ಅದಲು ಬದಲಾಗಿದೆ.

ಅಳತೆಗೆ ರೂಮ್ ಈಕ್ಯೂ ವಿಜಾರ್ಡ್ ಉಚಿತ ಸಾಫ್ಟ್‌ವೇರ್, ಯುಎಸ್‌ಬಿ ಮೈಕ್ ಸಾಕು. ಮೈಕ್ ಸ್ಪೀಕರ್‌ಗಳ ನಡುವಿಗೆ ಮುಖ ಮಾಡಿದ್ದರೆ 0 ಡಿಗ್ರಿ, ಚಾವಣಿ ನೋಡುತ್ತಿದ್ದರೆ 90 ಡಿಗ್ರಿ ಕ್ಯಾಲಿಬ್ರೇಶನ್ ಫೈಲ್ ಹಾಕಿ. ಅಕೌಸ್ಟಿಕ್ ಟೈಮಿಂಗ್ ರೆಫರೆನ್ಸ್ ಆನ್ ಮಾಡಿ ಎಡ, ಬಲ ಬೇರೆ ಬೇರೆ ಸ್ವೀಪ್ (ಕೆಳಗಿನಿಂದ ಮೇಲಿನ ಆವರ್ತನಕ್ಕೆ ಏರುವ ಪರೀಕ್ಷಾ ಸದ್ದು) ಮಾಡಿ, ಮಟ್ಟ 75 ಡಿಬಿ ಸುತ್ತ. ದನಿ ಬಂದ ಸಮಯ ತೋರಿಸುವ ಇಂಪಲ್ಸ್ ಗ್ರಾಫ್‌ನಲ್ಲಿ ಎರಡರ ಮೊದಲ ಶಿಖರ 0.03 ಮಿಲಿಸೆಕೆಂಡ್ ಒಳಗೆ ಸೇರಬೇಕು, ಅದು 1 ಸೆಂ.ಮೀ.ಗೆ ಸಮ. ಆಮೇಲೆ ಬಲ ವಿಂಡೋವನ್ನು (ಶಿಖರದ ನಂತರ ಎಷ್ಟು ಹೊತ್ತಿನ ದನಿ ಲೆಕ್ಕಕ್ಕೆ ಎಂಬುದು; ಬಲ ಸ್ಪೀಕರ್ ಅಲ್ಲ) 4 ಮಿಲಿಸೆಕೆಂಡ್‌ಗೆ ಇಳಿಸಿ. ದೂರದ ಪ್ರತಿಫಲನಗಳು ಕಳಚುತ್ತವೆ. ಆ ಗ್ರಾಫ್‌ನಲ್ಲಿ 250 ಹರ್ಟ್ಸ್ ಕೆಳಗೆ ಅರ್ಥವಿಲ್ಲ, ಮೇಲೆ ಮಾತ್ರ ನೋಡಿ. ಎಡಬಲ ಅವರ ಎಡ ಗೋಡೆಯ ಪ್ರತಿಫಲನ 2.2ಕ್ಕೇ ಬರುವುದರಿಂದ ಆ ಕಡೆಗೆ 2 ಮಿಲಿಸೆಕೆಂಡ್ ವಿಂಡೋ ಬೇಕು, ಆಗ 500ರ ಮೇಲಷ್ಟೇ ನಂಬಬಹುದು. 500ರಿಂದ 8000ದವರೆಗೆ ಎಡ-ಬಲ ವ್ಯತ್ಯಾಸ 1 ಡಿಬಿ ಒಳಗಿದ್ದರೆ ಫಿಲ್ಟರ್‌ಗಳು ಇಮೇಜಿಂಗ್ ಕೆಡಿಸಿಲ್ಲ.

#10 ಸೋಫಾಮಧ್ಯ

ಎಡ ಗೋಡೆಗೆ ದನಿ ಹೀರುವ ಒಂದು ಪ್ಯಾನೆಲ್ ಹಾಕಿಬಿಡಿ. ಗೋಡೆಯ ಮೇಲೆ ಕನ್ನಡಿ ಜಾರಿಸುತ್ತಾ ಹೋಗಿ, ಕೂತಲ್ಲಿಂದ ಎಡ ಟ್ವೀಟರ್ ಕಂಡ ಜಾಗವೇ ಮೊದಲ ಪ್ರತಿಫಲನದ ಜಾಗ. 60×120 ಸೆಂ.ಮೀ. ಅಳತೆಯ, 10 ಸೆಂ.ಮೀ. ದಪ್ಪದ ರಾಕ್‌ವೂಲ್ ಪ್ಯಾನೆಲ್. ಎರಡೂವರೆ ಸೆಂ.ಮೀ. ಫೋಮ್ ಅಂಟಿಸಿದರೆ ಮೇಲಿನ ಆವರ್ತನ ಮಾತ್ರ ಹೀರಿ ದನಿ ಮಂಕಾಗುತ್ತದೆ, ಕೆಳಗಿನ ತೊಂದರೆ ಹಾಗೇ ಇರುತ್ತದೆ. ಆಲಿಕೆ ಪರೀಕ್ಷೆಗಳಿಗಾಗಿ ಇರುವ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಬಿಎಸ್.1116 ಶಿಫಾರಸಿನ ಪ್ರಕಾರ 1ರಿಂದ 8 ಕಿಲೋಹರ್ಟ್ಸ್‌ನಲ್ಲಿ ಮೊದಲ 15 ಮಿಲಿಸೆಕೆಂಡ್‌ನ ಪ್ರತಿಫಲನಗಳು ನೇರ ದನಿಗಿಂತ ಕನಿಷ್ಠ 10 ಡಿಬಿ ಕೆಳಗಿರಬೇಕು. ಬಲಗಡೆ ತೆರೆದಿರುವುದರಿಂದ ಅಲ್ಲಿ ಪ್ಯಾನೆಲ್ ಬೇಡ. ಎಡವನ್ನು ಹೀರಿಸಿದಷ್ಟೂ ಎರಡು ಕಡೆ ಒಂದೇ ಥರ ಆಗುತ್ತದೆ.

#11 ಎಡಬಲ

ಪ್ಯಾನೆಲ್ ಹಾಕಿ ಅಳೆದೆ. 600ರ ಮೇಲೆ ಎಡ-ಬಲ ಚೆನ್ನಾಗಿ ಕೂಡುತ್ತಿವೆ. ಎಡಕ್ಕೆ ಮಾತ್ರ 230 ಹರ್ಟ್ಸ್ ಹತ್ತಿರ 7 ಡಿಬಿ ತಗ್ಗು ಉಳಿದಿದೆ. ಕರೆಕ್ಷನ್ ಏರಿಸಲು ನೋಡುತ್ತಿದೆ, ಅಷ್ಟಾಗಿ ತುಂಬುತ್ತಿಲ್ಲ. ಎರಡೂ ಸ್ಪೀಕರ್‌ಗಳನ್ನು 20 ಸೆಂ.ಮೀ. ಒಳಕ್ಕೆ ತಂದರೆ ಆಗುತ್ತದೆಯೇ?

#12 ನಾದಬಿಂದು

ತುಂಬುವುದಿಲ್ಲ, ಯಾಕೆಂದರೆ ಸ್ಪೀಕರ್ ಏರಿಸಿದಷ್ಟೂ ಅದನ್ನು ಕಳೆಯುವ ಪ್ರತಿಫಲನವೂ ಏರುತ್ತದೆ. ಆಂಪ್ಲಿಫೈಯರ್‌ಗೆ ಹೊರೆ, ಅಷ್ಟೇ. ಏರಿಕೆಯನ್ನು 3 ಡಿಬಿಗೆ ಮಿತಿಗೊಳಿಸಿ, ಸ್ಪೀಕರನ್ನೇ ಸರಿಸಿ.

ಆದರೆ 20 ಸೆಂ.ಮೀ. ಒಳಕ್ಕೆ ತಂದರೆ ಏನಾಗುತ್ತದೆ ಲೆಕ್ಕ ಹಾಕಿ. ಪಕ್ಕದ ಗೋಡೆಯ ದಾರಿ ವ್ಯತ್ಯಾಸ 75ರಿಂದ ಸುಮಾರು 1 ಮೀಟರ್ ಆಗುತ್ತದೆ, ತಗ್ಗು 170ರ ಹತ್ತಿರ ಇಳಿಯುತ್ತದೆ. ಸ್ಪೀಕರ್‌ಗಳ ಹಿಂದಿನ ಗೋಡೆಯ ತಗ್ಗು ಈಗಾಗಲೇ 185–190ರಲ್ಲಿ ಕೂತಿದೆ. ಎರಡೂ ಒಂದೆಡೆ ಸೇರಿದರೆ ಎಡಕ್ಕೆ ದೊಡ್ಡ ಗುಂಡಿ. ಹಿಂದಿನ ಗೋಡೆಯ ತಗ್ಗು ಎರಡೂ ಸ್ಪೀಕರ್‌ಗೆ ಸಮನಾಗಿ ಬರುವುದರಿಂದ ದನಿ ತೆಳ್ಳಗಾದರೂ ಪಕ್ಕಕ್ಕೆ ಸರಿಯುವುದಿಲ್ಲ. ಪಕ್ಕದ ಗೋಡೆಯದು ಎಡಕ್ಕೆ ಮಾತ್ರ, ಅದು ಸರಿಸುತ್ತದೆ.

ಹಾಗಾಗಿ 20 ಸೆಂ.ಮೀ. ಒಳಕ್ಕೆ ತರುವುದರ ಜೊತೆಗೆ 20 ಸೆಂ.ಮೀ. ಹಿಂದಕ್ಕೂ ಸರಿಸಿ, ಗೋಡೆಗೆ 30 ಉಳಿಯಲಿ. ಸೋಫಾ ಇದ್ದಲ್ಲೇ ಇದ್ದರೆ ಹಿಂಗೋಡೆಯ ತಗ್ಗು 300ರ ಸುತ್ತ ಹೋಗುತ್ತದೆ, ಪಕ್ಕದ್ದು 180ರ ಬಳಿ ಒಂಟಿಯಾಗಿ ಉಳಿಯುತ್ತದೆ. 300ರದ್ದಕ್ಕೆ ಸ್ಪೀಕರ್ ಹಿಂದೆ 10 ಸೆಂ.ಮೀ. ಪ್ಯಾನೆಲ್ ಕೆಲಸ ಮಾಡುತ್ತದೆ, ಕರೆಕ್ಷನ್‌ಗೂ ಅದು ಗಡಿಯೊಳಗೇ ಇದೆ. ಗೋಡೆ ಹತ್ತಿರವಾದ್ದರಿಂದ ಬೇಸ್ ಏರುತ್ತದೆ, ಅದನ್ನು ಇಳಿಸುವುದು ಫಿಲ್ಟರ್‌ಗೆ ಸಲೀಸು. ಕೋನ ಮಾತ್ರ 60ರಿಂದ ಸುಮಾರು 49 ಡಿಗ್ರಿಗೆ ಇಳಿಯುತ್ತದೆ. ವೇದಿಕೆ ಕಿರಿದಾಯಿತು ಅನ್ನಿಸಿದರೆ ಸೋಫಾವನ್ನು 30 ಸೆಂ.ಮೀ. ಮುಂದಕ್ಕೆ ತನ್ನಿ, ಟೋ-ಇನ್ (ಸ್ಪೀಕರ್ ಒಳಮುಖವಾಗಿ ತಿರುಗಿದ ಕೋನ) ಎರಡಕ್ಕೂ ಒಂದೇ ಇರುವಂತೆ ಟೇಪ್ ಹಿಡಿದು ನೋಡಿ. ಕನ್ನಡಿಯ ಜಾಗ ಬದಲಾಗಿರುತ್ತದೆ, ಎಡ ಪ್ಯಾನೆಲ್ ಸರಿಸಿ. ಹಳೆಯ ವಿಳಂಬ, ಮಟ್ಟ ಯಾವುದೂ ಇನ್ನು ಲೆಕ್ಕಕ್ಕಿಲ್ಲ, ಮೊದಲ ಮೈಕ್ ಜಾಗದಿಂದ ಪೂರ್ತಿ ಹೊಸದಾಗಿ ಓಡಿಸಿ.